ಜೋಳದ ಹಿಟ್ಟಿನಲ್ಲಿ ತೊಳೆದ ಕೈ

ನಿವೃತ್ತಿಯ ದಿನ ಆಸ್ಪತ್ರೆಯಲ್ಲಿ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಡಾಕ್ಟರ್ ಸಾಹೇಬರು ನಾಲ್ಕು ಮಾತು ಹೇಳಿದರು. ಸೇವೆ, ತಾಳ್ಮೆ ಅಂತೆಲ್ಲ ಹೊಗಳಿದ ಮೇಲೆ, "ಕಸ್ತೂರಿ ಸಿಸ್ಟರ್ ಅಂದ್ರ ನನಗ ಮೊದ್ಲ ನೆನಪಾಗೋದು ಅವರ ಉಗುರು ನೋಡ್ರಿ" ಎಂದರು. ಎಲ್ಲರೂ ಹೋ ಎಂದು ನಕ್ಕರು. ನಾನು ಶಾಲಿನೊಳಗೆ ಕೈ ಮುಚ್ಚಿಕೊಂಡೆ. ಅವತ್ತು ಬೆಳಿಗ್ಗೆಯೂ ಗಾಡಿಯ ಚೈನಿಗೆ ಎಣ್ಣೆ ಬಿಟ್ಟು ಬಂದಿದ್ದೆ, ಉಗುರಿನ ಸಂದಿಯಲ್ಲಿ ಕಪ್ಪು ಹಾಗೇ ಇತ್ತು.

ಕಾರ್ಯಕ್ರಮ ಮುಗಿದ ಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ನನ್ನ ಸುತ್ತ ಕೂತರು. ಒಬ್ಬಳು ಕೇಳಿದಳು, "ಅಕ್ಕ, ನನ್ನ ಗಾಡಿ ಕೆಳಗ ದಿನಾ ಎಣ್ಣಿ ಬೀಳ್ಲಿಕತ್ತದ. ಏನ್ ಮಾಡ್ಲಿ?" ಚುಚ್ಚುಮದ್ದಿನ ಬಗ್ಗೆ ಕೇಳಲಿಲ್ಲ, ರಜಿಸ್ಟರ್ ಬಗ್ಗೆ ಕೇಳಲಿಲ್ಲ, ಎಣ್ಣೆಯ ಬಗ್ಗೆ ಕೇಳಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಹಣ್ಣಿನ ಬುಟ್ಟಿಯನ್ನು ಅವಳ ಕೈಗೇ ಕೊಟ್ಟುಬಿಟ್ಟೆ. ಅವಳಿಗೂ ಅವಳಂಥವರಿಗೂ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಎಲ್ಲಿ ಎಷ್ಟು ವರ್ಷ ಇದ್ದೆ, ಯಾವಾಗ ಬಡ್ತಿ ಸಿಕ್ಕಿತು ಎಂಬುದೆಲ್ಲ ಸರ್ವಿಸ್ ಬುಕ್ಕಿನಲ್ಲಿದೆ. ಅದರಲ್ಲಿ ಇಲ್ಲದ್ದನ್ನು ಮಾತ್ರ ಹೇಳುತ್ತೇನೆ.

ನಾನು ಆರೋಗ್ಯ ಇಲಾಖೆಯ ಎಎನ್‌ಎಂ, ಜನರ ಬಾಯಲ್ಲಿ ಸಿಸ್ಟರ್. ಮೊದಲು ಚಿತ್ತಾಪುರದ ಕಡೆ ಇದ್ದೆ, ಆಮೇಲೆ ಚಿಂಚೋಳಿ ತಾಲ್ಲೂಕಿಗೆ ಬಂದೆ. ಮನೆ ಸೇಡಂನಲ್ಲಿ, ಕೆಲಸ ಕೊಡ್ಲಿ ಆಚೆಯ ಹಳ್ಳಿ, ತಾಂಡಾಗಳಲ್ಲಿ. ಸುಲೇಪೇಟದವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಅದರ ಮುಂದೆ ಲಸಿಕೆಯ ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ನಡಿಗೆ. ಲಸಿಕೆ ತಣ್ಣಗಿರಬೇಕು, ಮಧ್ಯಾಹ್ನದ ಬಿಸಿಲಿಗೆ ಐಸ್ ಕರಗಿದರೆ ಡಬ್ಬಿಯಲ್ಲಿ ಉಳಿಯುವುದು ಬರೀ ನೀರು. ಹಾಗಾಗಿ ನಮ್ಮ ಕೆಲಸದಲ್ಲಿ ಔಷಧಿಗಿಂತ ಮೊದಲು ಬೇಕಾದದ್ದು ಹೊತ್ತಿಗೆ ಸರಿಯಾಗಿ ಮುಟ್ಟುವುದು.

ಅದು ನನಗೆ ಅರ್ಥವಾದದ್ದು ಒಂದು ಸಲ ಮುಟ್ಟದೇ ಹೋದಾಗ. ದೀಪಾವಳಿಯ ನಂತರ ತಾಂಡಾದ ಮಂದಿ ಲಾರಿ ಹತ್ತಿ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗುತ್ತಾರೆ. ಹೋದರೆ ಬರುವುದು ಬೇಸಿಗೆಗೇ. ಹೋಗುವ ಮೊದಲು ಸಣ್ಣ ಮಕ್ಕಳಿಗೆ ದಡಾರದ ಚುಚ್ಚುಮದ್ದು ಹಾಕುತ್ತೇನೆಂದು ಮಾತು ಕೊಟ್ಟಿದ್ದೆ. ಆ ದಿನ ಸುಲೇಪೇಟದಲ್ಲಿ ಬಸ್ಸು ಬರಲೇ ಇಲ್ಲ. ಸಿಕ್ಕ ಎತ್ತಿನ ಬಂಡಿ ಹತ್ತಿ, ಅರ್ಧ ದಾರಿ ನಡೆದು ತಾಂಡಾ ಸೇರಿದರೆ ಬಾಗಿಲುಗಳಿಗೆ ಬೀಗ, ಅಂಗಳದಲ್ಲಿ ಲಾರಿಯ ಗಾಲಿಯ ಗುರುತು.

ಬೇಸಿಗೆಯಲ್ಲಿ ಅವರು ಮರಳಿ ಬಂದಾಗ ಸೀತಾಬಾಯಿ ಎಂಬ ಹೆಂಗಸಿನ ಮೊಮ್ಮಗಳ ಬಲಗಣ್ಣಿನಲ್ಲಿ ಬಿಳಿ ಪೊರೆ ಕೂತಿತ್ತು. ಕಬ್ಬಿನ ಗದ್ದೆಯಲ್ಲೇ ಮಗುವಿಗೆ ದಡಾರ ಬಂದು, ಜೀವ ಉಳಿದು, ಒಂದು ಕಣ್ಣು ಹೋಗಿತ್ತು. ಸೀತಾಬಾಯಿ ಬೈಯಲಿಲ್ಲ. "ಬರ್ತೀನಿ ಅಂದಿದ್ರಿ, ಸಿಸ್ಟರ್" ಎಂದಳು, ಅಷ್ಟೇ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆ ಮಗುವಿನ ಮುಖ ನೋಡಲು ನನಗೆ ಬಹಳ ದಿನ ಧೈರ್ಯವಾಗಲಿಲ್ಲ.

ಅವತ್ತು ಮನೆಗೆ ಬಂದು ನಮ್ಮವರಿಗೆ ಹೇಳಿದೆ, "ನಿಮ್ಮ ಗಾಡಿ ನನಗ ಕಲಿಸ್ರಿ." ನಮ್ಮವರು ಮಳಖೇಡದ ಸಿಮೆಂಟ್ ಕಾರ್ಖಾನೆಯಲ್ಲಿದ್ದರು. ಮೊದಲು ಮೋಟಾರ್ ಸೈಕಲ್ ಮೇಲೆ ಹೋಗುತ್ತಿದ್ದರು, ಆಗ ತಾನೇ ಕಂಪನಿ ಬಸ್ಸು ಶುರುವಾಗಿ ಗಾಡಿ ಮನೆಯಲ್ಲೇ ನಿಲ್ಲುತ್ತಿತ್ತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಿದ್ರ ಚುಚ್ಚುಮದ್ದು ನಿನಗ ಯಾರು ಹಾಕೋರು?" ಎಂದರು. ಆದರೂ ಒಂದು ವಾರ ಬೆಳಬೆಳಿಗ್ಗೆ ಬಯಲಿಗೆ ಕರೆದುಕೊಂಡು ಹೋಗಿ ಕಲಿಸಿದರು. ಎರಡು ಸಲ ಬಿದ್ದೆ. ಚೂಡಿದಾರದ ಮೇಲೆ ಬಿಳಿ ಕೋಟು ಹಾಕಿ ಸೇಡಂ ಬಜಾರಿನಲ್ಲಿ ಹೊರಟರೆ ಜನ ಅಂಗಡಿಯಿಂದ ಇಳಿದು ನೋಡುತ್ತಿದ್ದರು. ನೋಡುವವರು ಒಂದು ತಿಂಗಳಲ್ಲಿ ಸುಸ್ತಾದರು, ನಾನು ಆಗಲಿಲ್ಲ.

ಇನ್ನು ಎಣ್ಣೆಯ ವಿಷಯಕ್ಕೆ ಬರುತ್ತೇನೆ. ಕಾರ್ಖಾನೆಯ ಅಂಗಳದಲ್ಲಿ ವರ್ಷಗಟ್ಟಲೆ ನಿಂತ ಗಾಡಿಯ ಇಂಜಿನ್ ಮೇಲೆ ಸಿಮೆಂಟ್ ಧೂಳು, ಎಣ್ಣೆ ಕೂಡಿ ಒಂದು ದಪ್ಪ ಹಕ್ಕಳೆ ಬೆಳೆದಿರುತ್ತದೆ. ವಾಡಿ, ಶಹಾಬಾದ್, ಮಳಖೇಡದ ಎಲ್ಲ ಗಾಡಿಗಳದೂ ಅದೇ ಬಣ್ಣ. ಗಲೀಜು ಕಂಡರೆ ನನಗೆ ಕೈ ತಡೆಯದು. ಒಂದು ಭಾನುವಾರ ಸೀಮೆಎಣ್ಣೆ, ಹಳೇ ಬ್ರಶ್ ಹಿಡಿದು ಕೂತು ಎಲ್ಲ ಕೆರೆದು ತೆಗೆದು, ಇಂಜಿನ್ ಬೆಳ್ಳಿ ತಟ್ಟೆಯಂತೆ ಮಾಡಿದೆ. ಮಾರನೇ ದಿನ ಬೆಳಿಗ್ಗೆ ಗಾಡಿಯ ಕೆಳಗೆ ಅಂಗೈಯಗಲ ಎಣ್ಣೆ!

ಸೇಡಂನಲ್ಲಿ ಮೈಬೂಬ್ ಉಸ್ತಾದ್ ಎಂಬ ಮೆಕ್ಯಾನಿಕ್ ಇದ್ದರು. ಮೂಲತಃ ಶಹಾಬಾದಿನವರು, ವಾಡಿಯಲ್ಲಿ ಕೆಲಸ ಕಲಿತವರು. ಗಾಡಿ ತಳ್ಳಿಕೊಂಡು ಹೋದೆ. ಬಗ್ಗಿ ನೋಡಿ, ಎದ್ದು, ನನ್ನನ್ನು ನೋಡಿ ನಕ್ಕರು. "ಸಿಸ್ಟರ್, ಗಾಯದ ಮ್ಯಾಲಿನ ಹಕ್ಕಳಿ ನೀವೇ ಕಿತ್ತೀರಿ. ಆ ಸಿಮೆಂಟೇ ಇಷ್ಟ್ ದಿನ ಎಣ್ಣಿ ಹಿಡ್ಕೊಂಡಿತ್ತು."

"ಹಂಗಾರ ತೊಳಿಬಾರದಾಗಿತ್ತೇನ್ರಿ?"

"ತೊಳದಿದ್ದು ಛಲೋ ಆತು. ಒಳಗಿನ ಬೀಮಾರಿ ಹೊರಗ ಬಂತು. ಕುಂದ್ರಿ, ಪಾನಾ ಹಿಡೀರಿ."

ಪಾನಾ ಎಂದರೆ ಸ್ಪ್ಯಾನರ್. ಅದೇ ಅವರ ಪದ್ಧತಿ. ದೂರದ ಹಳ್ಳಿ ತಿರುಗುವವರ ಗಾಡಿಯನ್ನು ಅವರು ಒಬ್ಬರೇ ಬಿಚ್ಚುತ್ತಿರಲಿಲ್ಲ, ಗಾಡಿಯವರ ಕೈಯಲ್ಲೇ ಬಿಚ್ಚಿಸುತ್ತಿದ್ದರು. ಲೈನ್‌ಮನ್, ಪೋಸ್ಟಿನವರು, ದನದ ಡಾಕ್ಟರು ಯಾರೇ ಬಂದರೂ ಅಷ್ಟೇ. "ಜಂಗಲ್‌ದಾಗ ನಿಂತ್ರ ನಾ ಬರ್ತೀನೇನ್ರಿ?" ಎನ್ನುತ್ತಿದ್ದರು. ಕೆಲವರು ಸಿಟ್ಟಾಗಿ ಬೇರೆ ಕಡೆ ಹೋಗುತ್ತಿದ್ದರು. ನಾನು ಕೂತೆ.

ಅವರ ಅಂಗಡಿಯಲ್ಲಿ ನುಣ್ಣಗೆ ಪಾಲಿಶ್ ಮಾಡಿದ ಒಂದು ಶಹಾಬಾದ್ ಕಲ್ಲಿನ ಹಾಸು ಇತ್ತು. ಅದರ ಮೇಲೆ ಚಹಾದ ಕಪ್ಪು ಇಡಲೂ ಬಿಡುತ್ತಿರಲಿಲ್ಲ. ಇಂಜಿನ್ನಿನ ಮುಚ್ಚಳ ಸ್ವಲ್ಪ ಸೊಟ್ಟಗಾಗಿದ್ದರೆ, ಆ ಕಲ್ಲಿನ ಮೇಲೆ ಸಣ್ಣ ಪಾಲಿಶ್ ಕಾಗದ ಹಾಸಿ, ಎಣ್ಣೆ ಬಿಟ್ಟು, ಮುಚ್ಚಳವನ್ನು ಎಂಟರ ಆಕಾರದಲ್ಲಿ ಮೆಲ್ಲಗೆ ತಿಕ್ಕಿಸುತ್ತಿದ್ದರು. ಅಂಚು ಸಮನಾಗಿ ಹೊಳೆಯುವವರೆಗೆ ಬಿಡುತ್ತಿರಲಿಲ್ಲ. ಆಮೇಲೆ ಸಂದಿಯಲ್ಲಿ ಎಣ್ಣೆ ತಡೆಯುವ ಹೊಸ ಪ್ಯಾಕಿಂಗ್ ಕಾಗದ ಇಟ್ಟು ಬೋಲ್ಟು ಬಿಗಿಯುವುದು. ನಾನು ಮೊದಲ ದಿನವೇ ಹುಮ್ಮಸ್ಸಿನಲ್ಲಿ ಒಂದು ಬೋಲ್ಟನ್ನು ಎಷ್ಟು ಬಿಗಿದೆನೆಂದರೆ ಅದು ಟಕ್ಕೆಂದು ತಿರುಗಿ ಸಡಿಲಾಯಿತು. ಒಳಗಿನ ಥ್ರೆಡ್ ಪೂರ್ತಿ ಹೋಗಿತ್ತು.

"ಸೂಜಿ ಹಿಂಗೇ ಚುಚ್ಚತೀರೇನ್ರಿ ಕೂಸಿಗಿ?" ಎಂದು ಉಸ್ತಾದ್ ಹಣೆ ಹಣೆ ಬಡಿದುಕೊಂಡರು.

ಅವರಿಂದ ಕಲಿತದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಎಣ್ಣೆ ಕಂಡ ಜಾಗ ಎಣ್ಣೆ ಹೊರಟ ಜಾಗವಲ್ಲ. ಅದು ಮೇಲಿಂದ ಕೆಳಗೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಮೊದಲು ಪೂರ್ತಿ ಒರೆಸಿ, ಒಣಗಿಸಿ, ಮಕ್ಕಳಿಗೆ ಹಚ್ಚುವ ಪೌಡರ್ ಉದುರಿಸಿ, ಎರಡು ನಿಮಿಷ ಇಂಜಿನ್ ಓಡಿಸಿ. ಪೌಡರ್ ಮೊದಲು ಎಲ್ಲಿ ಒದ್ದೆಯಾಗುತ್ತದೋ ಅಲ್ಲಿದೆ ರೋಗ. ಈಗ ಟ್ಯೂಬಿನಲ್ಲಿ ಬರುವ ಅಂಟು ಸಿಗುತ್ತದೆ, ಹಚ್ಚಿ ಬಿಗಿದರೆ ಮುಗಿಯಿತು ಎನ್ನುತ್ತಾರೆ. ಹೆಚ್ಚು ಹಚ್ಚಿದರೆ ಅದು ಒಳಗೆ ಇಳಿದು ಎಣ್ಣೆಯ ದಾರಿಯನ್ನೇ ಕಟ್ಟುತ್ತದೆ, ಜೋಪಾನ. ಗಾಲಿಯ ಗಾಳಿಯನ್ನು ವಾರಕ್ಕೊಮ್ಮೆ ನೋಡಿ. ನಾನಂತೂ ಪಂಪು ಕಟ್ಟಿಕೊಂಡೇ ತಿರುಗುತ್ತಿದ್ದೆ. ತಾಂಡಾದಲ್ಲಿ ಗಾಡಿ ನಿಲ್ಲಿಸಿ ಗಾಳಿ ಹೊಡೆಯಲು ಕೂತರೆ ಹೆಂಗಸರೆಲ್ಲ ಸುತ್ತ ಕೂಡುತ್ತಿದ್ದರು. ಹೆಚ್ಚಾದ ಗಾಳಿಯನ್ನು ಪುಸ್ ಎಂದು ಬಿಟ್ಟರೆ ಅವರಿಗೆ ಎಲ್ಲಿಲ್ಲದ ನಗು. ಸೀತಾಬಾಯಿ ನಗುತ್ತಿರಲಿಲ್ಲ, ಸುಮ್ಮನೆ ಕೂತು ನನ್ನ ಕೈ ನೋಡುತ್ತಿದ್ದಳು.

ಆಗಿನ ಡಾಕ್ಟರು ಒಬ್ಬರಿಗೆ ನನ್ನ ಕೈ ಕಂಡರೆ ಆಗುತ್ತಿರಲಿಲ್ಲ. "ಇದು ಆಸ್ಪತ್ರೆನೋ ಗ್ಯಾರೇಜೋ? ಕೂಸಿನ ಮೈ ಮುಟ್ಟೋ ಕೈ ಏನ್ರಿ ಇದು?" ಎಂದು ಎಲ್ಲರೆದುರು ಬೈದರು. ಅವರು ಬೈದದ್ದು ಸರಿಯಾಗಿಯೇ ಇತ್ತು. ಅವತ್ತಿನಿಂದ ಗಾಡಿ ಮುಟ್ಟಿದ ಮೇಲೆ ಎರಡೆರಡು ಸಲ ಸೋಪು ಹಚ್ಚಿ ತೊಳೆಯುವ ರೂಢಿ ಮಾಡಿಕೊಂಡೆ. ಉಗುರು ಮಾತ್ರ ನನ್ನ ಮಾತು ಕೇಳಲಿಲ್ಲ.

ಮತ್ತೆ ದೀಪಾವಳಿ ಬಂತು. ತಾಂಡಾಕ್ಕೆ ಹೋಗಿ, "ಲಾರಿ ಬರೋ ದಿನ ಒಂಬತ್ತಕ್ಕ ನಾ ಇಲ್ಲಿರ್ತೀನಿ" ಎಂದು ಹೇಳಿ ಬಂದೆ. ಸೀತಾಬಾಯಿಯ ಮನೆಯಲ್ಲಿ ಆಗ ಇನ್ನೊಂದು ಕೂಸು, ಮೊಮ್ಮಗ. ಅವಳು ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು.

ಆ ದಿನ ಗಾಡಿ ಕೈಕೊಡಬಾರದೆಂದು ಹಿಂದಿನ ದಿನವೇ ಹೊಸ ಎಣ್ಣೆ ಹಾಕಿದೆ. ಉಸ್ತಾದ್ ಹೇಳಿದ ಅಳತೆಗಿಂತ ಒಂದಿಷ್ಟು ಜಾಸ್ತಿಯೇ ಸುರಿದೆ. ಊಟಕ್ಕೆ ಕೂತವರ ತಟ್ಟೆಗೆ ಒಂದು ಸೌಟು ಹೆಚ್ಚು ಬಡಿಸಿದ ಹಾಗೆ, ಹೆಚ್ಚಿದ್ದರೆ ಒಳ್ಳೆಯದೇ ಎಂಬ ಲೆಕ್ಕ. ಒಂದು ಸುತ್ತು ಹೋಗಿ ಬಂದರೆ, ಇಂಜಿನ್ ಪಕ್ಕದ ಸಣ್ಣ ರಬ್ಬರ್ ನಳಿಕೆಯಿಂದ ಎಣ್ಣೆ ತೊಟ್ಟಿಕ್ಕಿ ನನ್ನ ಬಿಳಿ ಕೋಟಿಗೆಲ್ಲ ಸಿಡಿದಿತ್ತು. ಕಣ್ಣ ಮುಂದೆ ಡಾಕ್ಟರ ಮುಖ ಬಂತು. ಸೋರುವ ನಳಿಕೆ ಕಂಡರೆ ನಮ್ಮಂಥ ನರ್ಸಮ್ಮ ಏನು ಮಾಡುತ್ತಾಳೆ? ಮುಚ್ಚುತ್ತಾಳೆ. ಖಾಲಿಯಾದ ಲಸಿಕೆ ಬಾಟಲಿಯ ರಬ್ಬರ್ ಬಿರಡೆ ತೆಗೆದು ನಳಿಕೆಯ ಬಾಯಿಗೆ ಒತ್ತಿದೆ. ಅಳತೆ ಮಾಡಿ ತಂದಂತೆ ಕೂತಿತು. ಮೇಲೊಂದು ಅಂಟು ಪಟ್ಟಿ ಸುತ್ತಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಬೆಳಿಗ್ಗೆ ಐಸ್ ಡಬ್ಬಿ ಕಟ್ಟಿಕೊಂಡು ಹೊರಟೆ. ಸುಲೇಪೇಟ ದಾಟುವವರೆಗೆ ಎಲ್ಲ ಸರಿಯಿತ್ತು. ಕೊಡ್ಲಿ ಇನ್ನೂ ದೂರವಿದೆ ಎನ್ನುವಾಗ ಎಡಗಾಲಿನ ಬೂಟು ಜಾರತೊಡಗಿತು. ಮುಂದೆ ಒಂದು ತಿರುವಿನಲ್ಲಿ ಹಿಂದಿನ ಗಾಲಿಯೇ ಜಾರಿ, ತೊಗರಿ ಹೊಲಕ್ಕೆ ನುಗ್ಗುವುದು ಸ್ವಲ್ಪದರಲ್ಲಿ ತಪ್ಪಿತು. ಇಳಿದು ನೋಡಿದರೆ ಇಂಜಿನ್ನಿನಿಂದ ಗಾಲಿಯವರೆಗೆ ಎಣ್ಣೆ ಹರಿಯುತ್ತಿದೆ. ಗಡಿಯಾರ ನೋಡಿದೆ, ಎಂಟೂವರೆ. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆ ಮಗುವಿನ ಬಿಳಿ ಕಣ್ಣು ನೆನಪಾಗಿ ನನಗೆ ಅಳುವೇ ಬಂತು. ರಸ್ತೆ ಬದಿಯಲ್ಲಿ ಕೂತು ನಿಜವಾಗಿಯೂ ಅತ್ತೆ.

ಅತ್ತು ಮುಗಿಸಿ ಉಸ್ತಾದ್ ಹೇಳಿದಂತೆ ಮಾಡಿದೆ. ಒರೆಸಿದೆ, ಪೌಡರ್ ಉದುರಿಸಿದೆ, ಇಂಜಿನ್ ಚಾಲೂ ಮಾಡಿದೆ. ಮೇಲಿನ ಮುಚ್ಚಳದ ಸಂದಿ, ಎಣ್ಣೆ ಹಾಕುವ ಬಾಯಿ, ಗೇರಿನ ಹತ್ತಿರ, ಮೂರೂ ಕಡೆ ಒಟ್ಟಿಗೇ ಒದ್ದೆಯಾಯಿತು. ನಿನ್ನೆಯವರೆಗೆ ಚೆನ್ನಾಗಿದ್ದ ಇಂಜಿನ್ನಿಗೆ ಒಂದೇ ದಿನ ಮೂರು ಕಡೆ ರೋಗ ಹೇಗೆ ಬರುತ್ತದೆ? ನಿನ್ನೆ ಇಲ್ಲದ್ದು ಇವತ್ತು ಏನಿದೆ ಎಂದು ಯೋಚಿಸಿದೆ. ರೋಗಿಯ ಮನೆಯವರಿಗೆ ನಾವು ಕೇಳುವ ಪ್ರಶ್ನೆಯೂ ಅದೇ ತಾನೇ, ನಿನ್ನೆ ಏನು ಕೊಟ್ಟಿರಿ ಎಂದು. ನಾನು ಕೊಟ್ಟದ್ದು ಬಿರಡೆ.

ಪಟ್ಟಿ ಹರಿದು ಬಿರಡೆ ಕಿತ್ತೆ. ಬುಸ್ ಎಂದು ಒಳಗಿದ್ದ ಗಾಳಿ ಹೊರಬಂತು. ಇಂಜಿನ್ ಓಡುವಾಗ ಒಳಗೆ ಸೇರುವ ಗಾಳಿ ಹೊರಹೋಗಲೆಂದೇ ಆ ನಳಿಕೆ ಇರುವುದು. ಅದರ ಬಾಯಿ ಕಟ್ಟಿದ್ದಕ್ಕೆ ಗಾಳಿ ಸಿಕ್ಕ ಸಿಕ್ಕ ಸಂದಿಯಿಂದ ಎಣ್ಣೆಯನ್ನು ಹೊರಗೆ ದಬ್ಬಿತ್ತು. ಗೇರಿನ ಹತ್ತಿರದ ರಬ್ಬರ್ ಸೀಲು ಅರ್ಧ ಹೊರಗೆ ಬಂದಿತ್ತು. ಹೆಬ್ಬೆರಳಿನಿಂದಲೂ ಚಮಚೆಯ ಹಿಂಬದಿಯಿಂದಲೂ ಮೆಲ್ಲಗೆ ಒತ್ತಿ ಕೂರಿಸಿದೆ. ಎಣ್ಣೆಯ ಮಟ್ಟ ಅಳೆಯುವ ಕಡ್ಡಿ ಎತ್ತಿ ನೋಡಿದರೆ ತುದಿಗೂ ಎಣ್ಣೆ ತಾಗಲಿಲ್ಲ.

ಆಗ ಟ್ರ್ಯಾಕ್ಟರ್ ಮೇಲೆ ಒಬ್ಬ ಹಿರಿಯರು ಬಂದರು. ಎಣ್ಣೆ ಇದೆಯೇ ಎಂದು ಕೇಳಿದೆ.

"ಇದು ಟ್ರ್ಯಾಕ್ಟರಿನ ಎಣ್ಣಿ ಅದರಿ. ನಿಮ್ಮ ಗಾಡಿಗಿ ನಡೀತದೇನು?"

"ತಾಂಡಾ ತನಕ ನಡದ್ರ ಸಾಕ್ರಿ, ಅಪ್ಪಾ."

ಅವರು ಡಬ್ಬಿ ಬಗ್ಗಿಸಿ ಸುರಿದರು. ಈ ಸಲ ಕಡ್ಡಿಯ ಗುರುತಿಗೆ ಸರಿಯಾಗಿ ನಿಲ್ಲಿಸಿದೆ. ಹೆಸರು ಕೇಳುವಷ್ಟು ಪುರುಸೊತ್ತಿರಲಿಲ್ಲ. ಅವರಿಗೆ ಇವತ್ತಿಗೂ ಮನಸ್ಸಿನಲ್ಲೇ ಶರಣು ಹೇಳುತ್ತೇನೆ.

ತಾಂಡಾ ಮುಟ್ಟಿದಾಗ ಹತ್ತೂಕಾಲು. ಲಾರಿ ಹೋಗಿರುತ್ತದೆಂದೇ ತಿಳಿದಿದ್ದೆ. ಲಾರಿ ಅಲ್ಲೇ ಇತ್ತು! ಮುಂದಿನ ಗಾಲಿ ನೆಲಕ್ಕೆ ಕೂತಿತ್ತು. ಡ್ರೈವರ್ ಜಾಕ್ ಹಚ್ಚಿ, ಬೆವರು ಸುರಿಸುತ್ತ, ಕಂಡವರನ್ನೆಲ್ಲ ಬೈಯುತ್ತಿದ್ದ. ಗಾಲಿಯ ಪಕ್ಕದಲ್ಲೇ ಸೀತಾಬಾಯಿ ತನ್ನ ಗಂಟಿನ ಮೇಲೆ ಕೂಸನ್ನು ಎತ್ತಿಕೊಂಡು ಕೂತಿದ್ದಳು. ನಾನು ಮನಸ್ಸಿನಲ್ಲೇ ಬಸವಣ್ಣನಿಗೆ ಕೈ ಮುಗಿದೆ.

ಆದರೆ ನನ್ನ ಕೈ ನೋಡಿದಿರಾ? ಮೊಣಕೈವರೆಗೆ ಕರಿ ಎಣ್ಣೆ. ಸೋಪು ಹಚ್ಚಿದೆ, ಜಾರಿತೇ ವಿನಾ ಬಿಡಲಿಲ್ಲ. ಈ ಕೈಯಲ್ಲಿ ಕೂಸನ್ನು ಹೇಗೆ ಮುಟ್ಟಲಿ? ಸೀತಾಬಾಯಿ ನೋಡಿದಳು. ಪ್ರಯಾಣಕ್ಕೆಂದು ಬಾಯಿ ಹೊಲಿದಿಟ್ಟಿದ್ದ ಹಿಟ್ಟಿನ ಚೀಲವನ್ನು ಎಳೆದುಕೊಂಡು, ಹೊಲಿಗೆಯನ್ನು ಹಲ್ಲಿನಿಂದ ಕಡಿದು, ಎರಡು ಬೊಗಸೆ ಜೋಳದ ಹಿಟ್ಟು ನನ್ನ ಕೈಗೆ ಸುರಿದಳು. "ತಿಕ್ರಿ" ಎಂದಳು. ತಿಕ್ಕಿದೆ. ಹಿಟ್ಟು ಎಣ್ಣೆಯನ್ನು ಹೀರಿ ಕರಿ ಉಂಡೆಯಾಗಿ ಉದುರಿತು. ಆಮೇಲೆ ಸೋಪು ಹಿಡಿಯಿತು. ಐಸ್ ಇನ್ನೂ ಗಟ್ಟಿಯಾಗಿತ್ತು. ಗಾಲಿ ಬದಲಾಗುವಷ್ಟರಲ್ಲಿ ತಾಂಡಾದ ಹನ್ನೊಂದು ಮಕ್ಕಳಿಗೂ ಚುಚ್ಚುಮದ್ದು ಮುಗಿಯಿತು. ಸೀತಾಬಾಯಿಯ ಮೊಮ್ಮಗನೇ ಮೊದಲನೆಯವನು, ಎಲ್ಲರಿಗಿಂತ ಜೋರಾಗಿ ಅತ್ತವನೂ ಅವನೇ. ಲಾರಿ ಹೊರಟಾಗ ಅವಳು ಹಿಂದಿನಿಂದ ಕೈ ಎತ್ತಿದಳು.

ಉಸ್ತಾದರಿಗೆ ಎಲ್ಲ ಹೇಳಿದೆ. ಅವರು ಬಿರಡೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, "ಅದು ಇಂಜಿನ್ನಿನ ಮೂಗು, ಸಿಸ್ಟರ್. ಮೂಗಿಗಿ ಬೂಚ್ ಹಾಕಿ ಓಡು ಅಂದ್ರ ಹೆಂಗ್ ಓಡ್ತದ?" ಎಂದು ಬೈದರು. ಆ ಟ್ರ್ಯಾಕ್ಟರಿನ ಎಣ್ಣೆಯನ್ನು ನನ್ನ ಕೈಯಲ್ಲೇ ತೆಗೆಸಿ, ಸೀಲು ಹೊಸದು ಹಾಕಿಸಿದರು. ಬೈದ ಮೇಲೆ ಚಹಾ ತರಿಸಿದರು. ಈಗ ಅವರಿಲ್ಲ. ನನ್ನ ಕೈಗೆ ಮೊದಲ ಪಾನಾ ಕೊಟ್ಟ ಆ ದೊಡ್ಡ ಮನುಷ್ಯನ ಋಣ ನನ್ನ ಮೇಲಿದೆ.

ಕಥೆ ಡಾಕ್ಟರ ಕಿವಿಗೆ ಬಿದ್ದದ್ದು ಅರ್ಧ ಮಾತ್ರ. ಉಗುರು ಕಂಡು ಬೈದವರೇ ಸಭೆಗಳಲ್ಲಿ, "ನಮ್ಮ ಸಿಸ್ಟರ್ ನಡುದಾರಿಯಲ್ಲಿ ಇಂಜಿನ್ ರಿಪೇರಿ ಮಾಡಿಕೊಂಡು ಲಸಿಕೆ ಮುಟ್ಟಿಸಿದರು" ಎಂದು ಹೇಳತೊಡಗಿದರು. ಅವರು ವರ್ಗವಾಗಿ ಹೋದರೂ ಕಥೆ ಹೋಗಲಿಲ್ಲ, ಬಂದ ಬಂದ ಡಾಕ್ಟರೆಲ್ಲ ಹೇಳಿದರು. ಚಪ್ಪಾಳೆ ಬಿದ್ದಾಗೆಲ್ಲ ನಾನು ತಲೆ ತಗ್ಗಿಸಿ ಕೂತಿರುತ್ತಿದ್ದೆ. ಗಾಡಿ ಕೆಡಿಸಿದ್ದೂ ನಾನೇ ಎಂದು ಎದ್ದು ಹೇಳುವ ಧೈರ್ಯ ಒಂದು ಸಲವೂ ಬರಲಿಲ್ಲ.

ನಿವೃತ್ತಿಯಾದ ವಾರವೇ ತಾಂಡಾಕ್ಕೆ ಹೋದೆ. ಸೀತಾಬಾಯಿಗೆ ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಕಣ್ಣು ಕಳೆದುಕೊಂಡ ಮೊಮ್ಮಗಳು ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕುಪ್ಪಸ ಹೊಲಿಯುತ್ತಿದ್ದಳು. ನನ್ನನ್ನು ಕಂಡು ನಕ್ಕು, ಕುರ್ಚಿ ಎಳೆದು ಕೊಟ್ಟಳು. ಮೊಮ್ಮಗ ಟ್ರ್ಯಾಕ್ಟರ್ ಓಡಿಸುತ್ತಾನಂತೆ. ಚಹಾ ಕುಡಿಯುತ್ತ ನಾನು ಸೀತಾಬಾಯಿಗೆ ಎಲ್ಲ ಹೇಳಿಬಿಟ್ಟೆ, ಬಿರಡೆಯ ಕಥೆ, ಎಣ್ಣೆಯ ಕಥೆ. "ಗಾಡಿ ತಾನಾಗಿ ಕೆಟ್ಟಿದ್ದಿಲ್ಲ, ಯವ್ವಾ. ನಾನೇ ಕೆಡಿಸಿದ್ದೆ. ದೇವರು ದೊಡ್ಡವ, ನಿಮ್ಮ ಲಾರಿ ಪಂಚರ್ ಆಗಿತ್ತು" ಎಂದೆ.

ಅವಳು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಪಂಚರ್ ಎಲ್ಲಿ ಆಗಿತ್ರಿ, ಸಿಸ್ಟರ್? ಗಾಳಿ ನಾ ಬಿಟ್ಟೀನಿ."

ನಾನು ಚಹಾದ ಕಪ್ಪು ಕೆಳಗಿಟ್ಟು ಅವಳ ಕಡೆ ತಿರುಗಿದೆ.

"ನೀವು ನಮ್ಮ ಅಂಗಳದಾಗ ಕುಂತು ಪಂಪ್ ಹೊಡೀತಿದ್ರಲ್ಲ. ಮುಚ್ಚಳ ತಗದು ನಡುವಿನ ಮೊಳಿ ಒತ್ತಿದ್ರ ಪುಸ್ ಅಂತದ. ನಾ ನೋಡೀನಿ. ಗಂಟು ತಂದು ಗಾಲಿ ಬಾಜೂಕ ಕುಂತು, ಕಡ್ಡಿಲಿಂದ ಒತ್ತಿ ಹಿಡದೆ. ಕೂಸು ಅಳ್ಲಿಕತ್ತಿತ್ತು, ಸಪ್ಪಳ ಯಾರಿಗೂ ಕೇಳ್ಸಲಿಲ್ಲ."

"ಡ್ರೈವರ್ ಬೈಲಿಲ್ಲೇನವಾ?"

"ಬೈದಾನಲ್ರೀ. ಜಾಲಿ ಮುಳ್ಳಿಗಿ ಬೈದಾನ."

ಇಬ್ಬರೂ ನಕ್ಕೆವು. ನಗುತ್ತ ನಗುತ್ತ ನನ್ನ ಕಣ್ಣಲ್ಲಿ ನೀರು ಬಂತು. ಅವಳು ಹೊಲಿಗೆ ಯಂತ್ರದ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು, "ಮೊದಲನೇ ಸಲ ನೀವು ಬರ್ತೀನಂತ ಹೇಳಿದ್ರಿ, ನಾ ಲಾರಿ ಹತ್ತಿ ಹೋದೆ. ಒಂದ್ ತಾಸು ನಿಂತಿದ್ರ ಸಿಗ್ತಿದ್ರಿ. ಅದು ನನ್ನ ಎದಿಯಾಗ ಕುಂತಿತ್ರಿ."

ಇಷ್ಟು ವರ್ಷ ಅದು ನನ್ನ ಎದೆಯಲ್ಲಿ ಮಾತ್ರ ಇದೆಯೆಂದು ತಿಳಿದಿದ್ದೆ. ನಾನು ಅವಳ ಕೈ ಹಿಡಿದುಕೊಂಡೆ. ಅವಳು ನನ್ನ ಬೆರಳುಗಳನ್ನು ತಿರುಗಿಸಿ ನೋಡಿ, ಎದ್ದು ಒಳಗೆ ಹೋಗಿ, ಬಟ್ಟಲಿನಲ್ಲಿ ಜೋಳದ ಹಿಟ್ಟು ತಂದಳು.

"ಇನ್ನೂ ಕರ್ರಗೇ ಅವ. ತೊಳಕೋರಿ, ರೊಟ್ಟಿ ಬಡೀತೀನಿ, ಉಂಡು ಹೋಗೀರಂತ" ಎಂದಳು.